ಹೆಲ್ಸಿಂಕಿಯ ಹಳೇ ಮಾರುಕಟ್ಟೆಯಲ್ಲಿ ಅಮ್ಮನ ಜೊತೆ ಬ್ರಂಚ್

ಮೊದಲ ದಿನ ನಾವು ಹೋಗಿದ್ದು ಮಧ್ಯಾಹ್ನ 12ಕ್ಕೆ. ಅದೇ ತಪ್ಪಾಯಿತು. ಫಿನ್‌ಲ್ಯಾಂಡಿನವರು 11 ಗಂಟೆಗೇ ಊಟಕ್ಕೆ ಏಳುತ್ತಾರೆ. ಕೂರಲು ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಅಮ್ಮನಿಗೆ ಮೊಣಕಾಲು ನೋವು ಬೇರೆ, ಹಾಗೇ ವಾಪಸ್ ಬಂದೆವು. ಮರುದಿನ 10 ಗಂಟೆಗೆ ಹೋದೆವು. ನೀವೂ ಆ ಹೊತ್ತಿಗೇ ಹೋಗಿ.

1889ರಲ್ಲಿ ಶುರುವಾದ ಮಾರುಕಟ್ಟೆ ಇದು. ಬಂದರಿನ ದಂಡೆಯಲ್ಲಿ ಇಟ್ಟಿಗೆಯ ಉದ್ದನೆಯ ಕಟ್ಟಡ. ಒಳಗೆ ಮರದ ಪುಟ್ಟ ಪುಟ್ಟ ಮಳಿಗೆಗಳು, ಇಬ್ಬರು ಎದುರಾದರೆ ಒಬ್ಬರು ಸರಿದು ನಿಲ್ಲಬೇಕಾದ ಓಣಿಗಳು. ಮೀನು, ಮಾಂಸ, ಚೀಸ್, ಬ್ರೆಡ್, ಕಾಫಿ ಎಲ್ಲ ಅಕ್ಕಪಕ್ಕ. ನಾನು ಮೊದಲು ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿದೆ. ಆಮೇಲೆ ಒಂದು ಸಲಕ್ಕೆ ಒಂದೇ ತಿಂಡಿ ತಂದೆ. ಎಲ್ಲವನ್ನೂ ಒಟ್ಟಿಗೆ ತಂದಿಟ್ಟರೆ ಸೂಪು ಆರುತ್ತದೆ, ಹೊಟ್ಟೆಯೂ ಬೇಗ ತುಂಬುತ್ತದೆ.

ಮೊದಲು ತಂದಿದ್ದು ಲೋಹಿಕೇಯ್ತೊ, ಅಂದರೆ ಸಾಲ್ಮನ್ ಮೀನಿನ ಸೂಪು. ಆಲೂಗಡ್ಡೆ, ಕೆನೆ, ಮೇಲೆ ಹಸಿರು ಸೊಪ್ಪು. ಜೊತೆಗೆ ರೈ ಅನ್ನುವ ಗೋಧಿಯಂಥ ಧಾನ್ಯದ, ಹುಳಿಹುಳಿಯಾದ ಕಪ್ಪು ಬ್ರೆಡ್. ಅಮ್ಮ ಬಟ್ಟಲಿಗೆ ಬಗ್ಗಿ ಮೂಸಿದರು. "ಸಬ್ಬಸಿಗೆ ಸೊಪ್ಪು!" ಅಂದರು. ಹೌದು, ಅದೇ ಸೊಪ್ಪು. ಮುಖ ಅರಳಿತು. ಆದರೆ ಬಿಳಿ ರಸ ಕಂಡಕೂಡಲೇ ಕೈ ಹಿಂದೆ ಬಂತು. "ಹಾಲಿಗೆ ಮೀನ್ ಹಾಕುದಾ?"

ನಮ್ಮ ಕುಂದಾಪುರದ ಕಡೆ ಮೀನು ತಿಂದ ಮೇಲೆ ಹಾಲು ಕುಡಿದರೆ ತೊನ್ನು ಬರುತ್ತದೆ ಅನ್ನುವ ಮಾತು ಹಳೆಯದು. ಇಲ್ಲಿಯ ಜನ ತಲೆಮಾರುಗಳಿಂದ ಇದನ್ನೇ ತಿಂದು ಆರೋಗ್ಯವಾಗಿದ್ದಾರೆ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಎಪ್ಪತ್ತು ವರ್ಷ ಪಾಲಿಸಿಕೊಂಡು ಬಂದಿದ್ದನ್ನು ರಜೆಯ ಒಂದು ಬೆಳಗ್ಗೆ ಬಿಡಿಸಬೇಕಾ? ಸೂಪು ನಾನೇ ಕುಡಿದೆ. ಹದವಾಗಿ ಬೆಂದ ಮೀನು ನಾಲಿಗೆ ಮೇಲೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತಿತ್ತು. ಖಾರವಿಲ್ಲ, ಹುಳಿಯಿಲ್ಲ, ಆದರೂ ಸಪ್ಪೆ ಅನ್ನಿಸಲಿಲ್ಲ.

ಅಮ್ಮನಿಗೆ ಪೂರ್ವದ ಕರೇಲಿಯ ಸೀಮೆಯ ಕಡುಬು ತಂದೆ. ಕಡುಬು ಅಂತ ನಾನು ಕರೆದಿದ್ದು. ರೈ ಹಿಟ್ಟಿನ ತೆಳ್ಳನೆಯ ಹಾಳೆ, ಅದರೊಳಗೆ ಹಾಲಲ್ಲಿ ಬೇಯಿಸಿದ ಅನ್ನ. ಅಂಚನ್ನು ಬೆರಳಲ್ಲಿ ನೆರಿಗೆ ಹಿಡಿದು ಒಲೆಯಲ್ಲಿ ಸುಟ್ಟಿರುತ್ತಾರೆ. ಮೇಲೆ ಬೆಣ್ಣೆಯಲ್ಲಿ ಕಲಸಿದ ಬೇಯಿಸಿದ ಮೊಟ್ಟೆ. ಬಿಸಿ ಮಾಡಿಕೊಡಿ ಅಂತ ಕೇಳಬೇಕು, ತಣ್ಣಗಿದ್ದರೆ ಅಂಚು ಗಟ್ಟಿ. ಅಮ್ಮ ಎರಡು ತಿಂದರು.

ಕೊನೆಗೆ ಚೀಸ್ ಮಳಿಗೆಯಿಂದ ಲೇಯ್ಪಾಯೂಸ್ತೊ ತಂದೆ. ಹೆಸರಿನ ಅರ್ಥ "ಬ್ರೆಡ್ ಚೀಸ್". ಅಗಲವಾಗಿ, ಚಪ್ಪಟೆಯಾಗಿ ಸುಟ್ಟಿದ್ದು. ಮೈಮೇಲೆ ರೊಟ್ಟಿಗೆ ಇರುವ ಹಾಗೆ ಕಂದು ಮಚ್ಚೆಗಳು. ಹಲ್ಲಿಗೆ ಸಿಕ್ಕರೆ ಕಿಚಕ್ ಅನ್ನುತ್ತದೆ. ಜೊತೆಗೆ ಲಕ್ಕಾ ಹಣ್ಣಿನ ಜಾಮ್. ಉತ್ತರದ ಜೌಗು ನೆಲದಲ್ಲಿ ತಾನಾಗಿ ಬೆಳೆಯುವ ಹಣ್ಣು, ಮಾಗಿದಾಗ ಜೇನಿನ ಬಣ್ಣ. ಫಿನ್‌ಲ್ಯಾಂಡಿನ 2 ಯೂರೋ ನಾಣ್ಯದ ಮೇಲೂ ಅದೇ ಇದೆ. ಪರ್ಸಿನಲ್ಲಿ ಸಿಕ್ಕ ನಾಣ್ಯವನ್ನು ತಟ್ಟೆಯ ಪಕ್ಕ ಇಟ್ಟು ತೋರಿಸಿದೆ. ಅಮ್ಮ ಕನ್ನಡಕ ಏರಿಸಿ ಎರಡನ್ನೂ ನೋಡಿದರು. ಆಮೇಲೆ ಒಂದು ತುಂಡು ಬಾಯಿಗೆ ಹಾಕಿ ನಿಧಾನವಾಗಿ ಅಗಿದರು.

"ಇದ್ ಗಿಣ್ಣ್ ಅಲ್ದಾ ಹೆಣೆ?"

ನಾನು ಎದ್ದು ಮಳಿಗೆಯ ಹೆಂಗಸಿನ ಹತ್ತಿರ ಹೋದೆ. ಕರು ಹಾಕಿದ ಹಸುವಿನ ಮೊದಲ ಹಾಲಿನಿಂದ ಮಾಡೋದಾ ಅಂತ ಕೇಳಿದೆ. ಆಕೆ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. ಹಿಂದೆ ಆ ಹಾಲಿನಿಂದಲೇ ಮಾಡುತ್ತಿದ್ದರಂತೆ, ಅಜ್ಜಿ ಮನೆಯಲ್ಲಿ ತಿಂದಿದ್ದಳಂತೆ. ಈಗ ಅಂಗಡಿಗೆ ಬರುವುದು ಜಾಸ್ತಿ ಮಾಮೂಲಿ ಹಾಲಿನದು. ನಿಮಗೆ ಹೇಗೆ ಗೊತ್ತಾಯಿತು ಅಂದಳು. ನಾನು ಅಮ್ಮನ ಕಡೆ ಕೈ ತೋರಿಸಿದೆ. ಆಕೆ ಇನ್ನೊಂದು ದೊಡ್ಡ ತುಂಡು ಕತ್ತರಿಸಿ, ಅದನ್ನು ಕಾಫಿಗೆ ಹಾಕಿ ತಿನ್ನಲು ಹೇಳಿ ಕಳಿಸಿದಳು. ಉತ್ತರದ ಕಡೆ ಹಾಗೆ ತಿನ್ನುತ್ತಾರೆ. ಬಿಸಿ ಕಾಫಿಯಲ್ಲಿ ಅದು ಕರಗುವುದಿಲ್ಲ, ಸ್ಪಂಜಿನ ಹಾಗೆ ಮೆತ್ತಗಾಗುತ್ತದೆ. ಅಮ್ಮ ಲೋಟದ ತಳದ ತನಕ ಚಮಚ ಆಡಿಸಿದರು. ಅಷ್ಟು ಹೊತ್ತು ಮಾತಾಡಿದ್ದೆಲ್ಲ ನಮ್ಮ ಮನೆಯ ಕಪಿಲೆ ಹಸುವಿನ ಬಗ್ಗೆ. ಅದು ಕರು ಹಾಕಿದಾಗ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣ ಬೇಯಿಸಿ, ಬಾಳೆಲೆಯಲ್ಲಿ ಸುತ್ತಿ ಆರು ಮನೆಗೆ ಹಂಚುತ್ತಿದ್ದರಂತೆ. ನನಗೆ ಇದು ಗೊತ್ತೇ ಇರಲಿಲ್ಲ.

ಹೊರಡುವ ದಿನ ಎರಡು ಪ್ಯಾಕೆಟ್ ಕಟ್ಟಿಸಿಕೊಂಡೆವು. ಊರಿಗೆ ಬಂದ ಮೇಲೆ ಅಮ್ಮ ಅದನ್ನು ದೋಸೆ ಕಾವಲಿ ಮೇಲೆ ಬಿಸಿ ಮಾಡಿ, ಜೋನಿ ಬೆಲ್ಲ ಸುರಿದು ಪಕ್ಕದ ಮನೆಯವರಿಗೂ ಕೊಟ್ಟರು.