ಕಂಬದಿಂದ ಮನೆಯೊಳಗೆ: ಮಳೆಗೆ ಕೆಡದ ನೆಟ್ ಕೇಬಲ್

ಮಲೆನಾಡಿನ ತೋಟದ ಮನೆಗಳಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ನೆತ್ತಿಯಲ್ಲೋ ಮಾಡಿಗಿಂತ ಎತ್ತರದ ಕಂಬದಲ್ಲೋ. ಅಲ್ಲಿ ಕೂರಿಸುವ, ಇಂಟರ್ನೆಟ್ ಸಂಕೇತ ಹಿಡಿಯುವ ವೈರ್‌ಲೆಸ್ ರೇಡಿಯೊ ಮಳೆ ತಡೆಯುವಂತೆಯೇ ತಯಾರಾಗಿರುತ್ತದೆ. ಸೋಲುವುದು ಅದರಿಂದ ಕೆಳಗಿಳಿಯುವ ಕೇಬಲ್. ನಮ್ಮ ಮನೆಗೆ ಮೊದಲು ಎಳೆದದ್ದು ಒಳಾಂಗಣದ ಬಿಳಿ ಕೇಬಲ್. ಬಿಸಿಲಿಗೆ ಅದರ ಹೊದಿಕೆ ಸೀಳಿತು. ಆಷಾಢದ ಮಳೆನೀರು ಅದೇ ಸೀಳಿನಿಂದ ಒಳಹೊಕ್ಕು, ಕೊಳವೆಯಲ್ಲಿ ಹರಿದಂತೆ ಹರಿದು, ಮನೆಯೊಳಗಿನ ಅಡಾಪ್ಟರಿಗೇ ಇಳಿಯಿತು.

ಹಾಗಾಗಿ ಕೊಳ್ಳುವಾಗಲೇ ಎಚ್ಚರ ಬೇಕು. ಹೊರಾಂಗಣದ ಕ್ಯಾಟ್ 6 (ನೆಟ್ ಕೇಬಲ್ಲಿನ ಒಂದು ದರ್ಜೆ) ಕೇಬಲ್ಲಿಗೆ ಬಿಸಿಲು ತಡೆಯುವ ಕಪ್ಪು ಪಾಲಿಥಿಲೀನ್ ಹೊದಿಕೆ ಇರುತ್ತದೆ. ಮಣ್ಣಿನಲ್ಲಿ ಹೂಳುವುದಾದರೆ ಒಳಗೆ ಜೆಲ್ ತುಂಬಿದ್ದನ್ನೇ ಕೇಳಿ. ತಂತಿ ಅಪ್ಪಟ ತಾಮ್ರದ್ದಾಗಿರಲಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅಗ್ಗ, ಆದರೆ ರೇಡಿಯೊಗೆ ವಿದ್ಯುತ್ ಹೋಗುವುದೂ ಇದೇ ತಂತಿಯಲ್ಲಿ. ದೂರ ಹೆಚ್ಚಿದಂತೆ ವೋಲ್ಟೇಜ್ ಕುಸಿದು ರೇಡಿಯೊ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ. ಒಟ್ಟು ಉದ್ದ 100 ಮೀಟರ್ ಮೀರಬಾರದು.

ಕನೆಕ್ಟರ್ ಕ್ರಿಂಪ್ ಮಾಡುವ, ಅಂದರೆ ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸುವ, ಕೆಲಸವನ್ನು ಆದಷ್ಟು ನೆಲದ ಮೇಲೆಯೇ ಮುಗಿಸಿ. ಎರಡೂ ತುದಿಯಲ್ಲಿ ಬಣ್ಣದ ಕ್ರಮ ಒಂದೇ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ರೇಡಿಯೊದ ರಬ್ಬರ್ ಗ್ಲ್ಯಾಂಡಿನ (ನೀರು ಒಳಬಾರದಂತೆ ಕೇಬಲ್ ಸುತ್ತ ಬಿಗಿಯುವ ಬಿರಡೆಯ) ಮೂಲಕ ಕೇಬಲ್ ತೂರಿಸಬೇಕಿದ್ದರೆ ಕ್ರಿಂಪ್ ಮಾಡುವ ಮೊದಲೇ ತೂರಿಸಿ. ಇದನ್ನು ಮರೆತರೆ ಕನೆಕ್ಟರ್ ಕತ್ತರಿಸಿ ಮತ್ತೆ ಶುರು ಮಾಡಬೇಕು. ನೆಟ್ ಕೇಬಲ್ ಟೆಸ್ಟರಿನಲ್ಲಿ ಎಂಟೂ ದೀಪ ಸಾಲಾಗಿ ಹೊತ್ತಿದ ಮೇಲೆಯೇ ಕಂಬಕ್ಕೆ ಏಣಿ ಇಡಿ.

ಇನ್ನು ನೀರಿನ ದಾರಿ. ರೇಡಿಯೊದ ಪೋರ್ಟ್ ನೆಲದ ಕಡೆಗೆ ಮುಖಮಾಡಿರಬೇಕು. ಪೋರ್ಟಿನ ಕೆಳಗೆ ಕೇಬಲನ್ನು ತುಸು ಸಡಿಲ ಬಿಟ್ಟು ಕಂಬಕ್ಕೆ ಕಟ್ಟಿ. ಗೋಡೆಯ ತೂತು ಹೊರಕ್ಕೆ ಇಳಿಜಾರಾಗಿರಲಿ, ಅದರ ಮುಂದೆ ಕೇಬಲ್ ಒಂದು ಗೇಣಿನಷ್ಟು ಕೆಳಗೆ ಜೋತು ಮತ್ತೆ ಮೇಲೇರಿ ಒಳಹೋಗಲಿ. ಕೇಬಲ್ ಮೇಲೆ ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ನೂರು ಸುತ್ತು ಟೇಪಿಗಿಂತ ಈ ಬಾಗನ್ನೇ ನಾನು ಹೆಚ್ಚು ನಂಬುತ್ತೇನೆ. ಕಟ್ಟುವುದಕ್ಕೆ ಕಪ್ಪು ಟೈ ಬಳಸಿ, ಬಿಳಿಯದು ಬಿಸಿಲಿಗೆ ಬೇಗ ಪುಡಿಯಾಗುತ್ತದೆ.

ಮನೆಯೊಳಗೆ ಪವರ್ ಅಡಾಪ್ಟರಿನ ‘ಪಿಒಇ’ (ಡೇಟಾ ಜೊತೆ ವಿದ್ಯುತ್ತನ್ನೂ ಕಳಿಸುವ) ಪೋರ್ಟಿನಿಂದ ರೇಡಿಯೊಗೆ, ‘ಲ್ಯಾನ್’ ಪೋರ್ಟಿನಿಂದ ರೂಟರಿಗೆ ಸಂಪರ್ಕ ಕೊಡಿ. ಅದಲು ಬದಲಾದರೆ ರೂಟರ್ ಸುಡಬಹುದು. ಕೆಲವು ರೇಡಿಯೊಗಳಿಗೆ 24 ವೋಲ್ಟ್ ಬೇಕು, ಕೆಲವಕ್ಕೆ 48. ಹಾಗಾಗಿ ಜೊತೆಗೆ ಬಂದ ಅಡಾಪ್ಟರನ್ನೇ ಬಳಸಿ.

ಮಲೆನಾಡಿನ ಸಿಡಿಲಿಗೆ ಕಂಬದ ಬಳಿ ಒಂದು, ಕೇಬಲ್ ಮನೆ ಹೊಗುವಲ್ಲಿ ಒಂದು ಸರ್ಜ್ ಪ್ರೊಟೆಕ್ಟರ್ (ಏಕಾಏಕಿ ಏರುವ ವೋಲ್ಟೇಜ್ ತಡೆಯುವ ಸಾಧನ) ಹಾಕಿ. ಅರ್ತಿಂಗ್ ಇಲ್ಲದಿದ್ದರೆ ಅವು ಇದ್ದೂ ಇಲ್ಲದಂತೆ. ಕಂಬದ ಅರ್ತ್ ಮತ್ತು ಮನೆಯ ಅರ್ತ್ ಒಂದಕ್ಕೊಂದು ಜೋಡಿಸಿರಬೇಕು. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ನೇರವಾಗಿ ಬಡಿದ ಸಿಡಿಲನ್ನು ಯಾವ ಪ್ರೊಟೆಕ್ಟರೂ ತಡೆಯಲಾರದು. ಮೋಡ ಕಟ್ಟುವ ಸೂಚನೆ ಕಂಡಾಗಲೇ ಅಡಾಪ್ಟರಿನ ಪ್ಲಗ್ಗನ್ನೂ ಕಂಬದಿಂದ ಬಂದ ಕೇಬಲನ್ನೂ ಕಿತ್ತಿಡಿ. ಗುಡುಗು ಶುರುವಾದ ಮೇಲೆ ಆ ಕೇಬಲ್ ಮುಟ್ಟಬೇಡಿ.