ಹಳೆಯ ಬುಲೆಟ್‌ನ ಗೇರ್ ಲಿವರ್ ಮತ್ತು ಬ್ರೇಕ್ ಪೆಡಲ್: ಕಾಲಿಗೆ ಹೊಂದಿಸುವ ಕ್ರಮ

ನಾಲ್ಕು ಗೇರಿನ ಹಳೆಯ ಎನ್‌ಫೀಲ್ಡ್ ಬುಲೆಟ್‌ನಲ್ಲಿ ಗೇರು ಬಲಗಾಲಿಗೆ, ಹಿಂಬದಿಯ ಬ್ರೇಕು ಎಡಗಾಲಿಗೆ ಇರುತ್ತದೆ. ಮೊದಲನೆಯ ಗೇರಿಗೆ ಲಿವರನ್ನು ಮೇಲಕ್ಕೆತ್ತಬೇಕು. ಉಳಿದ ಮೂರಕ್ಕೆ ಕೆಳಕ್ಕೆ ಒತ್ತಬೇಕು. ಇಂದಿನ ಗಾಡಿಗಳಲ್ಲಿ ಇವೆಲ್ಲವೂ ತಿರುಗುಮುರುಗಾಗಿರುವುದರಿಂದ, ಹೊಸದಾಗಿ ಹಳೆಯ ಬುಲೆಟ್ ಕೊಂಡವರು ಮೊದಲ ವಾರದಲ್ಲಿಯೇ ಮೆಕ್ಯಾನಿಕ್ ಬಳಿ ಹೋಗಿ ಲಿವರ್ ಬದಲಿಸಲು ಕೇಳುವುದುಂಟು. ಆದರೆ ಇಂತಹ ದೂರುಗಳಲ್ಲಿ ಹೆಚ್ಚಿನವು ವಿನ್ಯಾಸದ ದೋಷಗಳಲ್ಲ. ಸವೆದ ಬುಷ್ (ಶಾಫ್ಟು ಕುಳಿತು ತಿರುಗುವ ಲೋಹದ ಬಳೆ), ಸಡಿಲಗೊಂಡ ಬೋಲ್ಟು ಮತ್ತು ತಪ್ಪಾಗಿ ಕೂರಿಸಿದ ಲಿವರು ಇವುಗಳ ಫಲ. ಆದ್ದರಿಂದ ಇರುವುದನ್ನು ಮೊದಲು ಸರಿಯಾದ ಸ್ಥಿತಿಗೆ ತಂದು, ಅನಂತರವೂ ಕಾಲಿಗೆ ಒಗ್ಗದಿದ್ದರೆ ಮಾತ್ರ ಮಾರ್ಪಾಡಿಗೆ ಕೈಹಾಕುವುದು ಒಳ್ಳೆಯದು.

ಕೆಲಸ ಆರಂಭಿಸುವ ಮುನ್ನ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನಿತ್ಯ ಧರಿಸುವ ಶೂಗಳನ್ನೇ ಹಾಕಿಕೊಂಡು ಕುಳಿತು ನೋಡಬೇಕು. ಬರಿಗಾಲಿನಲ್ಲಿಯೋ ಚಪ್ಪಲಿಯಲ್ಲಿಯೋ ತೆಗೆದುಕೊಂಡ ಅಳತೆ ದಪ್ಪ ಅಟ್ಟೆಯ ಶೂಗೆ ಹೊಂದುವುದಿಲ್ಲ. ಪಾದದ ನಡುಭಾಗ ಫುಟ್‌ರೆಸ್ಟ್ ಮೇಲೆ ಸಹಜವಾಗಿ ಕುಳಿತಿರುವಾಗ, ಕಾಲನ್ನು ಎತ್ತದೆ ಕೇವಲ ಹರಡನ್ನು ಮಡಿಸಿ ಲಿವರಿನ ಕೆಳಗೆ ಬೆರಳ ತುದಿಯನ್ನು ತೂರಿಸಲು ಬರಬೇಕು. ಎಡಪಾದದ ಬೆರಳುಗಳ ಬುಡದ ಉಬ್ಬು ಬ್ರೇಕ್ ಪೆಡಲಿನ ಮೇಲೆ ಭಾರ ಬಿಡದೆ ತೇಲುವಂತಿರಬೇಕು. ಎಲ್ಲಿ ಎಷ್ಟು ಅಂತರ ಬೇಕೆಂಬುದನ್ನು ಅಳೆದು ಕಾಗದದ ಮೇಲೆ ಬರೆದುಕೊಳ್ಳಿ, ಬಿಚ್ಚುವುದಕ್ಕೆ ಮೊದಲು ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಗೇರ್ ಲಿವರು ಹಲ್ಲುಗಳಿರುವ ಶಾಫ್ಟಿನ ಮೇಲೆ ಕುಳಿತು, ಸೀಳಿನ ಮೂಲಕ ಹಾದುಹೋಗುವ ಒಂದು ಬೋಲ್ಟಿನಿಂದ ಬಿಗಿಯಾಗಿರುತ್ತದೆ. ಬೋಲ್ಟನ್ನು ಪೂರ್ತಿ ಹೊರತೆಗೆದ ಬಳಿಕವೇ ಲಿವರನ್ನು ಎಳೆಯಬೇಕು. ಸುತ್ತಿಗೆಯಿಂದ ಹೊಡೆದರೆ ಒಳಗಿನ ಭಾಗಗಳಿಗೆ ಪೆಟ್ಟು ಬೀಳುತ್ತದೆ. ಒಂದು ಹಲ್ಲು ಮೇಲೆ ಅಥವಾ ಕೆಳಗೆ ಸರಿಸಿ ಕೂರಿಸಿದರೆ ಸಾಕು, ಲಿವರಿನ ತುದಿಯಲ್ಲಿ ಅದು ಗಣನೀಯ ವ್ಯತ್ಯಾಸವಾಗಿ ಕಾಣುತ್ತದೆ, ಮತ್ತು ಅನೇಕರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ. ಬೋಲ್ಟು ಬಿಗಿ ಮಾಡಿದಾಗ ಸೀಳು ಪೂರ್ತಿ ಮುಚ್ಚಿಕೊಂಡ ಮೇಲೂ ಲಿವರು ಅಲುಗಾಡುತ್ತಿದ್ದರೆ ಒಳಹಲ್ಲುಗಳು ಸವೆದಿವೆ ಎಂದರ್ಥ. ಆಗ ಹೊಸ ಲಿವರೇ ಪರಿಹಾರ. ಸವೆದ ಲಿವರನ್ನು ಶಾಫ್ಟಿಗೆ ವೆಲ್ಡಿಂಗ್ ಮಾಡಿಸುವ ರೂಢಿಯೊಂದು ಕೆಲವೆಡೆ ಇದೆ. ಮುಂದೆ ಗೇರ್ ಪೆಟ್ಟಿಗೆಯ ಹೊರಮುಚ್ಚಳ ತೆಗೆಯಬೇಕಾದ ದಿನ ಅದನ್ನು ಕತ್ತರಿಸದೆ ದಾರಿಯಿರುವುದಿಲ್ಲವಾದ್ದರಿಂದ ಆ ಸಲಹೆ ಯಾರು ಕೊಟ್ಟರೂ ಒಪ್ಪಬೇಡಿ.

ಲಿವರು ಬಿಗಿಯಾಗಿದ್ದು ಶಾಫ್ಟೇ ಅಲುಗುತ್ತಿದ್ದರೆ ಮುಚ್ಚಳದೊಳಗಿನ ಬುಷ್ ಸವೆದಿರುತ್ತದೆ. ಹಿತ್ತಾಳೆಯ ಅಥವಾ ಕಂಚಿನ ಬುಷ್ ಒಂದನ್ನು ಲೇತ್‌ನಲ್ಲಿ ಮಾಡಿಸಿ ಹಾಕಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಬೋಲ್ಟುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹಳೆಯ ಬುಲೆಟ್‌ಗಳಲ್ಲಿ ಇಂಚಿನ ಅಳತೆಯ ಬ್ರಿಟಿಷ್ ಥ್ರೆಡ್ಡುಗಳಿರುತ್ತವೆ. ಕೈಗೆ ಸಿಕ್ಕ ಮೆಟ್ರಿಕ್ ಬೋಲ್ಟನ್ನು ಒಂದೆರಡು ಸುತ್ತು ತಿರುಗಿತೆಂದು ಪಾನಾ ಹಾಕಿ ಬಲವಂತವಾಗಿ ಇಳಿಸಿದರೆ ರಂಧ್ರದ ಥ್ರೆಡ್ಡೇ ಹೋಗುತ್ತದೆ.

ಬ್ರೇಕಿನ ಕಡೆ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಇಲ್ಲಿ ತಪ್ಪಿದರೆ ಗಾಡಿ ನಿಲ್ಲುವುದಿಲ್ಲ. ಪೆಡಲಿನ ಪಿವಟ್‌ನಿಂದ (ಅದು ತಿರುಗುವ ಕೀಲಿನಿಂದ) ಪಾದ ಒತ್ತುವ ಜಾಗದವರೆಗಿನ ದೂರವನ್ನು, ಪಿವಟ್‌ನಿಂದ ಬ್ರೇಕ್ ರಾಡ್ ಸೇರುವ ರಂಧ್ರದವರೆಗಿನ ದೂರದಿಂದ ಭಾಗಿಸಿದರೆ ಪೆಡಲಿನ ಬಲ ಎಷ್ಟು ಪಟ್ಟು ಹೆಚ್ಚುತ್ತದೆಂದು ತಿಳಿಯುತ್ತದೆ. ಉದಾಹರಣೆಗೆ 250 ಮಿಲಿಮೀಟರ್ ಉದ್ದದ ಪೆಡಲಿಗೆ 50 ಮಿಲಿಮೀಟರಿನ ಒಳತೋಳಿದ್ದರೆ ಬಲ 5 ಪಟ್ಟು. ನೋಡಲು ಚೆನ್ನಾಗಿರಲೆಂದು ಅದೇ ಪೆಡಲನ್ನು 150 ಮಿಲಿಮೀಟರಿಗೆ ಕತ್ತರಿಸಿದರೆ 3 ಪಟ್ಟು ಮಾತ್ರ. ಹಿಂಬದಿಯ ಡ್ರಮ್ ಬ್ರೇಕು ಮೊದಲೇ ಹೆಚ್ಚು ಬಲಶಾಲಿಯಲ್ಲದ ಗಾಡಿಯಲ್ಲಿ ಈ ನಷ್ಟ ಸಣ್ಣದಲ್ಲ. ಪೆಡಲನ್ನು ಮೋಟು ಮಾಡಲೇಬೇಕಾದರೆ ಒಳತೋಳನ್ನೂ ಅದೇ ಪ್ರಮಾಣದಲ್ಲಿ ಕಿರಿದಾಗಿಸಬೇಕು. ಆದರೆ ಆಗ ರಾಡಿನ ಚಲನೆ ಕಡಿಮೆಯಾಗುವುದರಿಂದ ಬ್ರೇಕ್ ಶೂಗಳು (ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಭಾಗಗಳು) ಸವೆದಂತೆಲ್ಲ ಪದೇ ಪದೇ ಬಿಗಿ ಮಾಡಬೇಕಾಗುತ್ತದೆ.

ಪೆಡಲಿನ ಎತ್ತರವನ್ನು, ಅದು ಮೇಲೇರದಂತೆ ನಿಲ್ಲಿಸುವ ತಡೆಯಲ್ಲಿಯೇ ಹೊಂದಿಸಬೇಕು, ಬ್ರೇಕ್ ರಾಡಿನ ನಟ್ಟಿನಲ್ಲಲ್ಲ. ರಾಡ್ ನಟ್ಟಿನ ಕೆಲಸ ಶೂಗಳ ಅಂತರವನ್ನು ಸರಿಪಡಿಸುವುದು ಮಾತ್ರ. ಮೊದಲು ಪೆಡಲನ್ನು ಕಾಲಿಗೆ ಒಗ್ಗುವ ಎತ್ತರಕ್ಕೆ ತಂದು, ಬಳಿಕ ಪೆಡಲಿನ ತುದಿಯಲ್ಲಿ ಸುಮಾರು 20ರಿಂದ 25 ಮಿಲಿಮೀಟರ್ ಖಾಲಿ ಚಲನೆ ಉಳಿಯುವಂತೆ ನಟ್ಟನ್ನು ತಿರುಗಿಸಬೇಕು. ಶೂಗಳು ಡ್ರಮ್ಮನ್ನು ಮುಟ್ಟುವ ಹೊತ್ತಿಗೆ ಹಿಂಬದಿಯ ಕ್ಯಾಮ್ ತೋಳು (ರಾಡು ಎಳೆದಾಗ ತಿರುಗಿ ಶೂಗಳನ್ನು ಅಗಲಿಸುವ ತೋಳು) ಮತ್ತು ರಾಡು ಹೆಚ್ಚುಕಡಿಮೆ 90 ಡಿಗ್ರಿ ಕೋನದಲ್ಲಿರಬೇಕು. ತೋಳು ಅದನ್ನು ದಾಟಿ ಮುಂದಕ್ಕೆ ವಾಲಿದ್ದರೆ ಒತ್ತಿದ ಬಲವೆಲ್ಲ ವ್ಯರ್ಥವಾಗುತ್ತದೆ. ಇನ್ನೊಂದು ಪರೀಕ್ಷೆಯನ್ನು ಬಹಳ ಮಂದಿ ಮಾಡುವುದೇ ಇಲ್ಲ. ಸವಾರ, ಹಿಂಬದಿಯಲ್ಲಿ ಒಬ್ಬರು, ಇಬ್ಬರೂ ಕುಳಿತು ಸಸ್ಪೆನ್ಶನ್ ಕುಗ್ಗಿದಾಗ ಪೆಡಲಿನ ಖಾಲಿ ಚಲನೆ ಉಳಿದಿದೆಯೇ ಎಂದು ನೋಡಬೇಕು. ಪೆಡಲಿನ ಪಿವಟ್ಟೂ ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ನ ಪಿವಟ್ಟೂ ಒಂದೇ ಜಾಗದಲ್ಲಿಲ್ಲದ ಕಾರಣ ಚಕ್ರ ಮೇಲೇರಿದಾಗ ರಾಡು ಎಳೆದುಕೊಳ್ಳಬಹುದು. ಪೆಡಲನ್ನು ಬೇರೆ ಜಾಗಕ್ಕೆ ಸರಿಸಿದವರಿಗೆ ಈ ತೊಂದರೆ ಇನ್ನೂ ಹೆಚ್ಚು. ಕೊನೆಗೆ ಬ್ರೇಕ್ ಲೈಟಿನ ಸ್ವಿಚ್ಚನ್ನೂ ಹೊಸ ಎತ್ತರಕ್ಕೆ ಹೊಂದಿಸಿಕೊಳ್ಳಿ.

ಇಷ್ಟಾದ ಮೇಲೂ ಗೇರಿನ ಕ್ರಮವೇ ಅಭ್ಯಾಸಕ್ಕೆ ಬಾರದಿದ್ದರೆ, ಅತಿ ಸುಲಭದ ಬದಲಾವಣೆಯೆಂದರೆ ಲಿವರನ್ನು ಶಾಫ್ಟಿನ ಮೇಲೆ ಹಿಂದುಮುಂದಾಗಿ ಕೂರಿಸುವುದು. ಮುಂದಕ್ಕೆ ಚಾಚಿದ್ದ ತೋಳು ಹಿಂದಕ್ಕೆ ಚಾಚಿದಾಗ ಮೊದಲನೆಯ ಗೇರು ಕೆಳಕ್ಕೂ ಉಳಿದವು ಮೇಲಕ್ಕೂ ಆಗುತ್ತವೆ. ಫುಟ್‌ರೆಸ್ಟ್ ಹಿಂದೆ ಸರಿಸಿದ ರೇಸ್ ಶೈಲಿಯ ಗಾಡಿಗಳಲ್ಲಿ ಇದು ಹಳೆಯ ಉಪಾಯ. ಫುಟ್‌ರೆಸ್ಟ್ ಮೂಲ ಜಾಗದಲ್ಲಿಯೇ ಇದ್ದರೆ ಕಾಲು ಸೇರುವುದಿಲ್ಲ. ಹಿಂದಿರುವ ನ್ಯೂಟ್ರಲ್ ಲಿವರಿಗೆ ಹೀಗೆ ತಿರುಗಿಸಿದ ಲಿವರು ತಾಗದಂತೆಯೂ ನೋಡಿಕೊಳ್ಳಬೇಕು. ಕ್ಲಚ್ ಹಿಡಿದು ಹಿಮ್ಮಡಿಯಿಂದ ಒತ್ತಿದರೆ ಎರಡು, ಮೂರು, ನಾಲ್ಕನೆಯ ಗೇರುಗಳಿಂದ ನೇರವಾಗಿ ನ್ಯೂಟ್ರಲ್‌ಗೆ ತರುವ ಆ ಪುಟ್ಟ ಲಿವರು, ನನ್ನ ಅಭಿಪ್ರಾಯದಲ್ಲಿ, ಈ ಗೇರ್ ಪೆಟ್ಟಿಗೆಯ ಅತ್ಯಂತ ಜಾಣ ಅಂಗ. ಅದನ್ನು ಕಿತ್ತೆಸೆಯುವುದು ದಡ್ಡತನ.

ಹಿಂದೆ ಸರಿಸಿದ ಫುಟ್‌ರೆಸ್ಟಿಗೆ ಪ್ರತ್ಯೇಕ ಲಿವರು ಹಾಕಿ ರಾಡಿನಿಂದ ಜೋಡಿಸುವವರು ಒಂದು ಸೂತ್ರ ನೆನಪಿಡಬೇಕು: ಲಿವರಿನ ತೋಳು ಮತ್ತು ಶಾಫ್ಟಿನ ತೋಳು ಎರಡೂ ಒಂದೇ ದಿಕ್ಕಿಗೆ ಇದ್ದರೆ ಗೇರಿನ ಕ್ರಮ ಬದಲಾಗುವುದಿಲ್ಲ, ಒಂದು ಮೇಲಕ್ಕೆ ಇನ್ನೊಂದು ಕೆಳಕ್ಕೆ ಇದ್ದರೆ ಕ್ರಮ ತಿರುಗುತ್ತದೆ. ಎರಡೂ ತೋಳುಗಳು ಸಮ ಉದ್ದವಾಗಿದ್ದು, ನಿಂತ ಸ್ಥಿತಿಯಲ್ಲಿ ರಾಡಿಗೆ 90 ಡಿಗ್ರಿಯಲ್ಲಿದ್ದರೆ ಗೇರು ಹಗುರವಾಗಿ ಬೀಳುತ್ತದೆ. ರಾಡಿನ ಒಂದು ತುದಿಗೆ ಎಡ ಥ್ರೆಡ್ಡು, ಇನ್ನೊಂದಕ್ಕೆ ಬಲ ಥ್ರೆಡ್ಡು ಇದ್ದರೆ ಬಿಚ್ಚದೆಯೇ ಉದ್ದ ಸರಿಪಡಿಸಬಹುದು; ಎರಡೂ ಕಡೆ ಲಾಕ್ ನಟ್ ಇರಲೇಬೇಕು. ಬಲಬದಿಯ ಫುಟ್‌ರೆಸ್ಟ್ ಮಡಚುವಂಥದ್ದಾಗಿರಬೇಕು, ಇಲ್ಲವಾದರೆ ಕಿಕ್ಕರ್ ಕೆಳಗಿಳಿಯುವ ದಾರಿಗೆ ಅಡ್ಡವಾಗುತ್ತದೆ.

ಗೇರನ್ನೇ ಎಡಕ್ಕೆ, ಬ್ರೇಕನ್ನು ಬಲಕ್ಕೆ ತರುವುದು ದೊಡ್ಡ ಕೆಲಸ. ಡ್ರಮ್ಮು ಎಡಬದಿಯಲ್ಲಿ, ಗೇರಿನ ಶಾಫ್ಟು ಬಲಬದಿಯಲ್ಲಿ ಇರುವುದರಿಂದ ಚಾಸಿಯ ಅಡ್ಡಕ್ಕೆ ಎರಡು ಶಾಫ್ಟುಗಳನ್ನು ಹಾಯಿಸಬೇಕಾಗುತ್ತದೆ. ತೆಳುವಾದ ಪೈಪು ಹಾಕಿದರೆ ಬ್ರೇಕ್ ಒತ್ತಿದಾಗ ಪೈಪೇ ತಿರುಚಿಕೊಂಡು ಪೆಡಲು ಸ್ಪಂಜಿನಂತೆ ಮೆತ್ತಗಾಗುತ್ತದೆ. 1970ರ ದಶಕದ ಮಧ್ಯದಲ್ಲಿ ಅಮೆರಿಕ ಎಡಗಾಲಿನ ಗೇರನ್ನು ಕಡ್ಡಾಯಗೊಳಿಸಿದ್ದರಿಂದ ಹಲವು ಬ್ರಿಟಿಷ್ ಕಂಪನಿಗಳು ಇದೇ ತೊಡಕನ್ನು ಎದುರಿಸಬೇಕಾಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳಲ್ಲಿ ಗೇರು ಮೊದಲಿನಿಂದಲೂ ಎಡಗಾಲಿಗೇ ಇತ್ತು. ಮನೆಯಲ್ಲಿ ಬುಲೆಟ್ ಜೊತೆಗೆ ಇವುಗಳಲ್ಲೊಂದೂ ಇರುವವರಿಗೆ ಈ ಬದಲಾವಣೆಯ ಆಸೆ ಸಹಜ. ಆದರೂ ನನ್ನ ಸಲಹೆ ಬೇಡವೆಂದೇ. ಯೆಜ್ಡಿಯ ಮಾಲೀಕರಿಗೂ ಒಂದು ಮಾತು: ಅಲ್ಲಿ ಗೇರ್ ಲಿವರೇ ಕಿಕ್ಕರ್ ಆಗಿಯೂ ಕೆಲಸ ಮಾಡುವುದರಿಂದ ಅದನ್ನು ಕತ್ತರಿಸುವುದಾಗಲಿ ಬಗ್ಗಿಸುವುದಾಗಲಿ ಕೂಡದು.

ಯಾವ ಮಾರ್ಪಾಡಾದರೂ ಬೋಲ್ಟಿನಿಂದ ಜೋಡಿಸಿ ಬೋಲ್ಟಿನಿಂದಲೇ ಬಿಚ್ಚುವಂತಿರಲಿ. ಚಾಸಿಗೆ ವೆಲ್ಡಿಂಗ್ ಬೇಡ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನ ವಿಂಟೇಜ್ ಎಂದು ನೋಂದಣಿಯಾಗಬೇಕಾದರೆ ಅದರ ಚಾಸಿ ಮತ್ತು ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ತೆಗೆದ ಮೂಲ ಲಿವರು, ಪೆಡಲುಗಳನ್ನು ಎಣ್ಣೆ ಹಚ್ಚಿ ಗೋಣಿಯಲ್ಲಿ ಸುತ್ತಿ ಜೋಪಾನ ಮಾಡಿಡಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೊಸವು ಸಿಗಬಹುದಾದರೂ ಹಳೆಯ ಕಬ್ಬಿಣದ ಗಟ್ಟಿತನ ಎಲ್ಲದರಲ್ಲೂ ಇರುವುದಿಲ್ಲ.

ಎಲ್ಲ ಜೋಡಣೆ ಮುಗಿದ ಮೇಲೆ ಪಿವಟ್‌ಗಳಿಗೆ ಗ್ರೀಸ್ ತುಂಬಿ, ಸ್ಪ್ಲಿಟ್ ಪಿನ್ನುಗಳನ್ನು ಹೊಸದಾಗಿ ಹಾಕಿ, ಎಂಜಿನ್ ಆರಿಸಿದ ಸ್ಥಿತಿಯಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತ ನಾಲ್ಕೂ ಗೇರುಗಳನ್ನು ಹಾಕಿ ತೆಗೆಯಿರಿ. ಬಳಿಕ ಜನಸಂಚಾರವಿಲ್ಲದ ಮೈದಾನದಲ್ಲಿ ನಿಧಾನವಾಗಿ ಓಡಿಸಿ, ಮುಂಬ್ರೇಕು ಮುಟ್ಟದೆ ಹಿಂಬ್ರೇಕಿನಿಂದಲೇ ಹಲವು ಬಾರಿ ನಿಲ್ಲಿಸಿ ನೋಡಿ. ಡ್ರಮ್ಮು ಬಿಸಿಯಾದ ಮೇಲೆ ಪೆಡಲಿನ ಖಾಲಿ ಚಲನೆ ಬದಲಾಗುವುದರಿಂದ, ಅದನ್ನು ತಣ್ಣಗಾದ ಬಳಿಕ ಮತ್ತೊಮ್ಮೆ ಅಳೆದು, ಮೊದಲ ಐವತ್ತು ಕಿಲೋಮೀಟರ್ ಓಡಿದ ಕೂಡಲೇ ಪ್ರತಿ ನಟ್ಟಿಗೂ ಸ್ಪ್ಯಾನರ್ ಹಾಕಿ ಪರೀಕ್ಷಿಸಿ.