ಸಿಟ್ಟು ಎಷ್ಟು ಹೊತ್ತು ಇರುತ್ತೆ ಅಂತ ಅಳೆದು ನೋಡಿದೆ

ಸಿಟ್ಟು ಮಾಡಿಕೊಳ್ಳಬೇಡ ಅಂತ ಹೇಳುವವರಿಗೆ ನಮ್ಮ ಊರಲ್ಲಿ ಬರವಿಲ್ಲ. ಹೇಗೆ ಬಿಡಬೇಕು ಅಂತ ಕೇಳಿದರೆ ಮಾತ್ರ ಎಲ್ಲರೂ ಟೀ ಕುಡಿಯೋಕೆ ಎದ್ದು ಹೋಗುತ್ತಾರೆ.

ನಾನು ಚನ್ನರಾಯಪಟ್ಟಣದಲ್ಲಿ ಮೋಟಾರು ರೀವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕಟ್ಟಿಕೊಡುವ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಅಂಗಡಿಗೆ ಖುಷಿಯಾಗಿ ಬರುವ ಗಿರಾಕಿಯೇ ಇಲ್ಲ. ಮೋಟಾರು ಸುಟ್ಟಿರುತ್ತೆ, ತೆಂಗಿನ ತೋಟಕ್ಕೆ ನೀರು ನಿಂತಿರುತ್ತೆ, ನಿದ್ದೆಗೆಟ್ಟು ಬಂದಿರುತ್ತಾರೆ. ವೋಲ್ಟೇಜ್ ಇಳಿದಾಗ ಮೋಟಾರು ಜಾಸ್ತಿ ಕರೆಂಟು ಎಳೆದು ಕಾಯಿಲ್ ಸುಟ್ಟುಕೊಳ್ಳುತ್ತೆ. ಇದನ್ನು ಎಷ್ಟು ಬಿಡಿಸಿ ಹೇಳಿದರೂ "ನೀನೇ ಕಟ್ಟಿದ್ದಲ್ವಾ, ಮತ್ತೆ ಹೋಯ್ತಲ್ಲ" ಅಂತಲೇ ಮಾತು ಶುರು. ಬೇಸಿಗೆಯಲ್ಲಿ ದಿನಕ್ಕೊಂದು ಜಗಳ ಗ್ಯಾರಂಟಿ.

ನನಗೆ ದಾರಿ ತೋರಿಸಿದ್ದು ಒಬ್ಬ ನಿವೃತ್ತ ಮೇಷ್ಟ್ರು. ಶ್ರವಣಬೆಳಗೊಳದ ಕಡೆಯ ಜೈನರು, ನನ್ನ ಹಳೇ ಗಿರಾಕಿ. ಗಣೇಶನ ಹಬ್ಬದ ಮಾರನೇ ದಿನ, ಅಂದರೆ ಭಾದ್ರಪದ ಶುದ್ಧ ಪಂಚಮಿಗೆ, ಅವರಿಗೆ ದಶಲಕ್ಷಣ ಪರ್ವ ಶುರುವಾಗುತ್ತೆ. ಹತ್ತು ದಿನ, ದಿನಕ್ಕೊಂದು ಗುಣ. ಮೊದಲನೆಯದೇ ಕ್ಷಮೆ. ಪರ್ವ ಮುಗಿದ ಮೇಲೆ ಗುರುತಿನವರ ಹತ್ತಿರವೆಲ್ಲ ಕ್ಷಮೆ ಕೇಳುತ್ತಾರೆ. ಒಂದು ವರ್ಷ ಮೇಷ್ಟ್ರು ನನ್ನ ಕೌಂಟರಿಗೇ ಬಂದು ಕೈ ಮುಗಿದು, "ಗೊತ್ತಿದ್ದೋ ಗೊತ್ತಿಲ್ಲದೆಯೋ ನೋವು ಮಾಡಿದ್ದರೆ ಕ್ಷಮಿಸಿ" ಅಂದರು. ಆಗ ತಾನೇ ಒಬ್ಬರ ಜೊತೆ ಕೂಗಾಡಿ ಮುಗಿಸಿದ್ದೆ. "ನಿಮಗೆ ಸಿಟ್ಟೇ ಬರಲ್ವಾ ಮೇಷ್ಟ್ರೇ?" ಅಂತ ಕೇಳಿದೆ. "ಬರುತ್ತೆ. ಆದರೆ ನಾವು ಅದರ ಜೋರು ನೋಡಲ್ಲ, ವಯಸ್ಸು ನೋಡ್ತೀವಿ" ಅಂದರು.

ಆಮೇಲೆ ಸ್ಟೂಲಿನ ಮೇಲೆ ಕೂತು ವಿವರಿಸಿದರು. ವಿಂಧ್ಯಗಿರಿಯ ಗೊಮ್ಮಟನನ್ನು ಕಡೆಸಿದ ಚಾವುಂಡರಾಯನ ಕಾಲದಲ್ಲೇ, ಅಂದರೆ ಸಾವಿರ ವರ್ಷದ ಹಿಂದೆ, ನೇಮಿಚಂದ್ರ ಅಂತ ಒಬ್ಬ ಆಚಾರ್ಯರಿದ್ದರು. ಅವರು ಪ್ರಾಕೃತದಲ್ಲಿ ಬರೆದ ಗ್ರಂಥ ಗೊಮ್ಮಟಸಾರ. ಮನಸ್ಸನ್ನು ಅಂಟಿನ ಹಾಗೆ ಹಿಡಿಯುವ ನಾಲ್ಕು ಕಷಾಯಗಳ ಬಗ್ಗೆ ಅದರಲ್ಲಿದೆ: ಕ್ರೋಧ, ಮಾನ (ಅಂದರೆ ಅಹಂಕಾರ), ಮಾಯೆ (ಅಂದರೆ ಕಪಟ), ಲೋಭ. ಸಿಟ್ಟಿನಲ್ಲೇ ಮತ್ತೆ ನಾಲ್ಕು ಥರ. ನೀರಿನ ಮೇಲೆ ಎಳೆದ ಗೆರೆ, ಧೂಳಿನ ಗೆರೆ, ನೆಲದ ಬಿರುಕು, ಕಲ್ಲಿನ ಗೆರೆ. ಒಂದೊಂದಕ್ಕೂ ಅವಧಿ ಹೇಳಿದ್ದಾರೆ. ಮೊದಲನೆಯದು ಒಂದು ಮುಹೂರ್ತದೊಳಗೆ, ಅಂದರೆ 48 ನಿಮಿಷದೊಳಗೆ ಹೋಗುತ್ತೆ. ಎರಡನೆಯದು ಒಂದು ಪಕ್ಷ. ಮೂರನೆಯದು ಆರು ತಿಂಗಳು. ನಾಲ್ಕನೆಯದು ಜನ್ಮ ಜನ್ಮಕ್ಕೂ ಬೆನ್ನು ಬಿಡಲ್ಲ.

ನಾನು ಜೈನನಲ್ಲ, ಮುಂದಿನ ಜನ್ಮದ ಲೆಕ್ಕ ನನಗೆ ಬೇಕೂ ಇರಲಿಲ್ಲ. ಆದರೆ ಅಳತೆ ಅಂದರೆ ನನ್ನ ಕಸುಬು. ಮೀಟರ್ ಹಿಡಿಯದೆ ಯಾವ ಮೋಟಾರನ್ನೂ ಬಿಚ್ಚುವುದಿಲ್ಲ. ಸಿಟ್ಟಿಗೂ ಮೀಟರ್ ಇದೆ ಅಂದಾಗ ಕಿವಿ ನೆಟ್ಟಗಾಯಿತು.

ಅಂಗಡಿಯ ಉದ್ರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಶುರು ಮಾಡಿದೆ. ಯಾರ ಮೇಲೆ ಸಿಟ್ಟು ಬಂತೋ ಅವರ ಹೆಸರಿನ ಒಂದಕ್ಷರ, ಪಕ್ಕದಲ್ಲಿ ಗಂಟೆ. ಅಷ್ಟೇ. ಕಾರಣ ಬರೆಯುವುದಿಲ್ಲ. ಕಾರಣ ಬರೆಯೋಕೆ ಕೂತರೆ ಸಿಟ್ಟು ಇನ್ನಷ್ಟು ಬಲಿಯುತ್ತೆ, ನೋಡಿದ್ದೇನೆ. ಬರೆದ ಮೇಲೆ ಕೆಲಸಕ್ಕೆ ಕೂರುತ್ತೇನೆ. ಸುಟ್ಟ ಕಾಯಿಲನ್ನು ಉಳಿಯಲ್ಲಿ ಕಡಿದು, ಸ್ಲಾಟಿನಿಂದ ಕರಿ ಹಿಡಿದ ತಂತಿಯನ್ನು ಕಿತ್ತು, ಎಷ್ಟು ಸುತ್ತು ಇತ್ತು ಅಂತ ಎಣಿಸುವ ಕೆಲಸ. ಎಣಿಕೆ ತಪ್ಪಿದರೆ ಹೊಸ ವೈಂಡಿಂಗ್ ಕೆಟ್ಟಿತು ಅಂತಲೇ ಅರ್ಥ. ತಲೆಯೊಳಗೆ ಜಗಳ ಓಡುತ್ತಿದ್ದರೆ ಮೂವತ್ತೋ ನಲವತ್ತೋ ದಾಟುವುದರೊಳಗೆ ಎಣಿಕೆ ತಪ್ಪುತ್ತೆ. ತಪ್ಪದೆ ಒಂದು ಕಾಯಿಲ್ ಮುಗಿದರೆ ಸಿಟ್ಟು ಹೋಗಿದೆ ಅಂತ ಲೆಕ್ಕ. ನನಗೆ ಸಿಕ್ಕ ಮೀಟರ್ ಇದೇ. ಅಷ್ಟು ಹೊತ್ತು ಒಂದೇ ನಿಯಮ: ಫೋನ್ ಮಾಡಬಾರದು, ರೇಟ್ ಹೇಳಬಾರದು.

ಪಕ್ಷದ ಲೆಕ್ಕಕ್ಕೆ ಅಮಾವಾಸ್ಯೆ, ಹುಣ್ಣಿಮೆ ಇಟ್ಟುಕೊಂಡೆ. ಅಮಾವಾಸ್ಯೆಗೆ ಹೇಗೂ ಅಂಗಡಿ ಪೂಜೆ ಇರುತ್ತೆ. ಪೂಜೆ ಮುಗಿಸಿ ಹಾಳೆ ತೆಗೆದು ಒಂದೊಂದೇ ಅಕ್ಷರ ನೋಡುವುದು. ನೋಡಿದ ತಕ್ಷಣ ಮನಸ್ಸಲ್ಲೇ ಅವರ ಜೊತೆ ವಾದ ಶುರುವಾದರೆ ಇನ್ನೂ ಇದೆ ಅಂತ. ಇಲ್ಲದಿದ್ದರೆ ಒಂದು ಗೀಟು ಹಾಕಿ ಹೊಡೆದುಹಾಕುವುದು. ಆರು ತಿಂಗಳ ಲೆಕ್ಕಕ್ಕೆ ಯುಗಾದಿ ಮತ್ತು ಆಯುಧಪೂಜೆ. ಚೈತ್ರದಿಂದ ಆಶ್ವೀಜಕ್ಕೆ ಹೆಚ್ಚುಕಡಿಮೆ ಆರು ತಿಂಗಳು ಕೂಡಿ ಬರುತ್ತೆ.

ಬೇಸಿಗೆ ಕಳೆಯುವುದರೊಳಗೆ ಗೊತ್ತಾಗಿದ್ದು ಇಷ್ಟು. ಕೌಂಟರಿನ ಮುಂದೆ ಗಂಟಲು ಹರಿಯೋ ಹಾಗೆ ಕೂಗಾಡಿದ ಜಗಳಗಳೆಲ್ಲ ನೀರಿನ ಗೆರೆ. ಎಷ್ಟೋ ಅಕ್ಷರಗಳು ಯಾರದ್ದು ಅಂತಲೇ ಅಮಾವಾಸ್ಯೆ ಹೊತ್ತಿಗೆ ನೆನಪಾಗುತ್ತಿರಲಿಲ್ಲ. ಮನೆಯವಳು ಬೈಯುತ್ತಿದ್ದುದು, ನಾನು ಸಂಕಟಪಡುತ್ತಿದ್ದುದು ಎಲ್ಲ ಇದಕ್ಕೇ. ಪ್ರತಿ ಸಲ ಗೀಟು ಬೀಳದೆ ಉಳಿದಿದ್ದು ಒಂದೇ ಅಕ್ಷರ, ನಮ್ಮಣ್ಣನದು. ಅವನ ಜೊತೆ ನಾನು ಯಾವತ್ತೂ ದನಿ ಏರಿಸಿದವನಲ್ಲ. ಪಾಲು ಆದಾಗ ಬೋರ್‌ವೆಲ್ ಅವನ ಕಡೆಗೆ ಬಿತ್ತು, ನೀರು ಸರದಿ ಪ್ರಕಾರ ಅಂತ ಮಾತಾಯಿತು, ಸರದಿ ನಡೆಯಲಿಲ್ಲ. ನಾನು ಸುಮ್ನಾದೆ. ಊರವರು ನನ್ನನ್ನು ಬಲು ತಾಳ್ಮೆಯವನು ಅಂದರು!

ಮೇಷ್ಟ್ರಿಗೆ ಹಾಳೆ ತೋರಿಸಿದೆ. ಅವರು ಇನ್ನೊಂದು ವಿಷಯ ಹೇಳಿದರು. ಒಂದೊಂದು ಥರದ ಸಿಟ್ಟು ಒಂದೊಂದನ್ನು ತಡೆಯುತ್ತೆ ಅಂತ ಆ ಶಾಸ್ತ್ರದ ಮಾತು. ನೀರಿನ ಗೆರೆಯಂಥದ್ದು ಪೂರ್ಣ ಶುದ್ಧಿಯನ್ನಷ್ಟೇ ತಡೆಯುತ್ತೆ. ಧೂಳಿನದು ಸನ್ಯಾಸಿಯ ಮಹಾವ್ರತವನ್ನು, ನೆಲದ ಬಿರುಕು ಸಂಸಾರಸ್ಥರ ಸಣ್ಣ ವ್ರತವನ್ನೂ ತಡೆಯುತ್ತೆ. ಕಲ್ಲಿನ ಗೆರೆ ತಡೆಯುವುದು ನೋಟವನ್ನೇ, ಇದ್ದದ್ದನ್ನು ಇದ್ದ ಹಾಗೆ ಕಾಣುವುದನ್ನು. ಪುಣ್ಯ ಪಾಪ ಹೇಗೋ ಏನೋ, ಈ ಕೊನೆಯ ಮಾತು ನನ್ನ ಮಟ್ಟಿಗೆ ಅಕ್ಷರಶಃ ನಿಜ. ಅಣ್ಣ ಮಗನ ಕೈಲಿ ಎಳನೀರು ಕಳಿಸಿದರೆ, ಸರ್ವೆಗೆ ಮುಂಚೆ ಬೆಣ್ಣೆ ಹಚ್ಚುತ್ತಿದ್ದಾನೆ ಅಂತ ನನಗೆ ಕಾಣುತ್ತಿತ್ತು. ಕಳಿಸದಿದ್ದರೆ ಕೊಬ್ಬು ಅಂತ. ಅವನು ಏನು ಮಾಡಿದರೂ ನನ್ನ ಉತ್ತರ ಮೊದಲೇ ರೆಡಿ ಇರುತ್ತಿತ್ತು.

"ಇದು ಕ್ರೋಧ ಅಲ್ಲಪ್ಪ, ಮಾನ" ಅಂದರು ಮೇಷ್ಟ್ರು. ಮಾನಕ್ಕೂ ನಾಲ್ಕು ದರ್ಜೆ ಇದೆ. ಕಲ್ಲು, ಮೂಳೆ, ಮರ, ಬೆತ್ತ. ಬಗ್ಗುವುದು ಎಷ್ಟು ಸುಲಭ ಅನ್ನುವುದರ ಮೇಲೆ. ಗೊಮ್ಮಟನ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಅಣ್ಣ ಭರತನನ್ನು ಗೆದ್ದೂ ರಾಜ್ಯ ಬಿಟ್ಟು ತಪಸ್ಸಿಗೆ ನಿಂತ. ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು. ಆದರೂ ನಿಂತಿರೋದು ಅಣ್ಣನ ನೆಲದ ಮೇಲಲ್ವಾ ಅನ್ನೋ ಮುಳ್ಳು ಒಳಗೆ ಉಳಿದು ಜ್ಞಾನ ಬರಲಿಲ್ಲ ಅಂತ ನಮ್ಮಲ್ಲಿ ಹೇಳುತ್ತಾರೆ. ಆರುನೂರಕ್ಕೂ ಜಾಸ್ತಿ ಮೆಟ್ಟಿಲು ಬರಿಗಾಲಲ್ಲಿ ಹತ್ತಿ ನಾನು ಎಷ್ಟೋ ಸಲ ಆ ಮೂರ್ತಿ ನೋಡಿದ್ದೇನೆ. ಅದು ಅಣ್ಣ ತಮ್ಮಂದಿರ ಜಮೀನಿನ ವ್ಯಾಜ್ಯದ ಕಥೆ ಅಂತ ಹೊಳೆದಿದ್ದು ಈ ಉದ್ರಿ ಪುಸ್ತಕ ಹಿಡಿದ ಮೇಲೆ.

ಮಾನಕ್ಕೆ ಮದ್ದು ಮೊದಲು ಬಗ್ಗುವುದು, ಬೇರೆ ಇಲ್ಲ. ಅಣ್ಣ ಮೊದಲು ಬಗ್ಗಲಿ ಅಂತ ಕಾಯುವುದೇ ಕಾಯಿಲೆ. ಆ ಆಯುಧಪೂಜೆ ದಿನ ಅಂಗಡಿ ಪೂಜೆ ಮುಗಿಸಿ, ಒಂದು ಬೂದುಗುಂಬಳಕಾಯಿ ಹಿಡಿದು ಅವನ ಪಂಪ್‌ಹೌಸಿಗೆ ಹೋದೆ. ಅತ್ತಿಗೆ ಮೋಟಾರಿಗೆ ಕುಂಕುಮ ಇಡುತ್ತಿದ್ದರು. ಸ್ಟಾರ್ಟರಿನ ಬಾಗಿಲು ತೆಗೆದು ನೋಡಿದೆ. ಕಾಂಟ್ಯಾಕ್ಟ್ ಕರಕಲಾಗಿ ಗುಳಿ ಬಿದ್ದಿದ್ದವು. "ಇವು ಹೋಗಿವೆ ಅಣ್ಣ, ನಾಳೆ ಬದಲಾಯಿಸ್ತೀನಿ" ಅಂದೆ. "ಹೂಂ, ಮಾಡು" ಅಂದ. ತಬ್ಬಿಕೊಂಡು ಅಳಲಿಲ್ಲ ಯಾರೂ. ನೀರಿನ ಸರದಿ ಇವತ್ತಿಗೂ ಪೂರ್ತಿ ಸರಿಹೋಗಿಲ್ಲ. ಆದರೆ ಈಗ ಎಳನೀರು ಬಂದರೆ ಎಳನೀರು ಅಂತಲೇ ಕುಡಿಯುತ್ತೇನೆ. ಅವನ ಅಕ್ಷರ ಆಗೀಗ ಹಾಳೆಗೆ ಬರುತ್ತೆ, ಹುಣ್ಣಿಮೆಗೆ ಹೋಗುತ್ತೆ.

ಎಲ್ಲರಿಗೂ ಬಗ್ಗಬೇಕು ಅಂತಲ್ಲ. ಎಷ್ಟು ಹೇಳಿದರೂ ಕೇಳದವರ ವಿಷಯದಲ್ಲಿ ಮಾಧ್ಯಸ್ಥ್ಯ ಅಂದಿದೆ ತತ್ತ್ವಾರ್ಥಸೂತ್ರ ಅನ್ನೋ ಜೈನ ಗ್ರಂಥದಲ್ಲಿ. ಒಲವೂ ಬೇಡ, ಹಗೆಯೂ ಬೇಡ. ಗುಣದಲ್ಲಿ ನಮಗಿಂತ ಮೇಲಿರುವವರನ್ನು ಕಂಡರೆ ಪ್ರಮೋದ, ಅಂದರೆ ಖುಷಿಪಡಬೇಕು. ಪಕ್ಕದ ರಸ್ತೆಯ ಅಂಗಡಿಯವನು ನನಗಿಂತ ಚೆನ್ನಾಗಿ ಸಬ್‌ಮರ್ಸಿಬಲ್ ಕಟ್ಟುತ್ತಾನೆ. ಅಲ್ಲಿ ಪ್ರಮೋದ ಇನ್ನೂ ಅಭ್ಯಾಸದಲ್ಲಿದೆ. ಬಾಕಿ ಉಳಿಸಿಕೊಂಡು ಫೋನ್ ಎತ್ತದ ಒಬ್ಬ ಕಂಟ್ರಾಕ್ಟರ್ ಇದ್ದಾನೆ. ಅವನಿಗೆ ವಕೀಲರಿಂದ ನೋಟಿಸ್ ಕೊಡಿಸಿದೆ. ಸಹಿ ಹಾಕಿದ ಮೇಲೆ ಕೂತು ಒಂದು ಕಾಯಿಲ್ ಎಣಿಸಿದೆ, ಎಣಿಕೆ ತಪ್ಪಲಿಲ್ಲ.

ಮಾಡಿ ನೋಡುವವರಿಗೆ ಒಂದು ಮಾತು. ಹೆಸರು ಪೂರ್ತಿ ಬರೆಯಬೇಡಿ. ನಮ್ಮ ಹುಡುಗ ಒಂದು ದಿನ ಉದ್ರಿ ಪುಸ್ತಕ ತಿರುಗಿಸಿ, ಹಿಂದಿನ ಹಾಳೆಯ ಅಕ್ಷರಗಳನ್ನೆಲ್ಲ ಬಾಕಿ ಅಂದುಕೊಂಡು, ಇವರಿಗೆಲ್ಲ ಫೋನ್ ಮಾಡಲಾ ಅಂತ ಕೇಳಿದ.